ಕಾಲಗಂಟಿನ ಹಿಂದು ಮುಂದು

ಮಳೆಗಾಲ ಹತ್ತಿರ ಬಂತು ಅಂತ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಹೇಳುವುದು ನನ್ನ ಎಡಗಾಲು. ಕೇರಳಕ್ಕೆ ಮುಂಗಾರು ಬಂತು ಅಂತ ಟೀವಿಯಲ್ಲಿ ಹೇಳುವ ಹೊತ್ತಿಗೆ ಇಲ್ಲಿ ಮಂಗಳೂರಿನಲ್ಲಿ ನನ್ನ ಕಾಲಗಂಟು ಆಗಲೇ ಬಿಗಿದುಕೊಂಡು ಕೂತಿರುತ್ತದೆ. ಹವೆಗೂ ಗಂಟುನೋವಿಗೂ ನಿಜಕ್ಕೂ ಸಂಬಂಧ ಉಂಟಾ ಅಂತ ಸಂಶೋಧಕರು ಇನ್ನೂ ಜಗಳಾಡುತ್ತಿದ್ದಾರಂತೆ. ನನ್ನ ಕಾಲಿಗೆ ಆ ವಿಷಯ ಗೊತ್ತಿಲ್ಲ :-)

ಇದು 9 ವರ್ಷದ ಹಿಂದಿನ ಕಥೆ. ಇಂಜಿನಿಯರಿಂಗ್ ಎರಡನೇ ವರ್ಷ, ಜುಲೈ ತಿಂಗಳು, ಅಜ್ಜಿ ಮನೆ. ಅಂಗಳದಿಂದ ತೋಟಕ್ಕೆ ಇಳಿಯುವಲ್ಲಿ ಮುರಕಲ್ಲಿನ ಮೆಟ್ಟಿಲುಗಳಿವೆ. ಮಳೆಗಾಲದಲ್ಲಿ ಅದರ ಮೇಲೆ ಹಾವಸೆ ಕಟ್ಟುತ್ತದೆ, ಮೊಬೈಲು ನೋಡುತ್ತಾ ಇಳಿಯುವ ಜಾಗ ಅಲ್ಲ. ನಾನು ಇಳಿದೆ. ಮೂರನೇ ಮೆಟ್ಟಿಲಲ್ಲಿ ಕಾಲು ಒಳಗೆ ಮಡಚಿ, 'ಟಕ್' ಅಂತ ಒಂದು ಸದ್ದು.

"ಎಂತ ಆಯ್ತು ಮಗಾ?" ಅಂತ ಅಜ್ಜಿ ಒಳಗಿಂದಲೇ ಕೂಗಿದರು. "ಏನಿಲ್ಲ ಅಜ್ಜಿ, ಉಳುಕಿತು" ಅಂದೆ. ಆ ಉತ್ತರವನ್ನೇ ಎಲ್ಲರೂ ನಂಬಿದರು, ಮೊದಲಿಗೆ ನಾನೇ. ಅಜ್ಜ ಎಣ್ಣೆ ಹಚ್ಚಿದರು. ಮರುದಿನ ಊರಿನ ಒಬ್ಬರು ಬಂದು ಸೊಪ್ಪು ಅರೆದು ಹಚ್ಚಿ ಬಿಗಿಯಾಗಿ ಕಟ್ಟಿದರು. ನಾಲ್ಕನೇ ದಿನ ಪಾದ ಹಲಸಿನಕಾಯಿ ಥರ ಆದಾಗ ಎಕ್ಸ್‌ರೇ ತೆಗೆಸಿದ್ದು. ಹೊರಬದಿಯ ಸಪೂರದ ಮೂಳೆ ಮುರಿದಿತ್ತು, ಗಂಟು ಸ್ವಲ್ಪ ಜಾರಿತ್ತು. ಆಪರೇಷನ್ ಮಾಡಿ ಒಂದು ಪ್ಲೇಟು, ಆರು ಸ್ಕ್ರೂ ಹಾಕಿದರು. ಒಂದೂವರೆ ವರ್ಷದ ಮೇಲೆ ಅದನ್ನು ತೆಗೆದು ನನ್ನ ಕೈಗೇ ಕೊಟ್ಟರು. ಈಗಲೂ ನನ್ನ ಹಳೆಯ ಕಂಪಾಸ್ ಬಾಕ್ಸಿನಲ್ಲಿ ಬಿದ್ದಿದೆ.

"ಮೂಳೆ ಚೆನ್ನಾಗಿ ಕೂಡಿದೆ" ಅಂದರು. ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿದ್ದೆ. ಇಂಟರ್ನಲ್ಸ್ ಇದೆ ಅಂತ ವ್ಯಾಯಾಮಕ್ಕೆ ಸರಿಯಾಗಿ ಹೋಗಲಿಲ್ಲ, ಆ ತಪ್ಪು ನನ್ನದೇ. ಹೋದ ತಿಂಗಳು ಹೊಸ ಎಕ್ಸ್‌ರೇ ನೋಡಿದ ಡಾಕ್ಟರು ಗಂಟಿನ ನಡುವೆ ಕಾಣಬೇಕಾದ ಕಪ್ಪು ಗೆರೆ ಹೊರಬದಿಯಲ್ಲಿ ಹೆಚ್ಚುಕಮ್ಮಿ ಮಾಯವಾಗಿರುವುದನ್ನು ತೋರಿಸಿದರು. ಸಂಧಿವಾತ. ನನಗೆ 28. "ಹಳೇ ಪೆಟ್ಟಿನ ಬಡ್ಡಿ ಇದು" ಅಂದರು.

ನಮ್ಮ ಕೆಲಸದಲ್ಲಿ ಬಗ್ ಬಂದರೆ ಮೊದಲು ಮಾಡುವುದು ಹಳೆಯ ಕೋಡನ್ನು ಯಾರು, ಯಾವಾಗ, ಯಾಕೆ ಬದಲಿಸಿದರು ಅಂತ ಹಿಂದಕ್ಕೆ ಹೋಗಿ ನೋಡುವುದು. ಅದೇ ಚಟದಲ್ಲಿ ಕಾಲಗಂಟಿನ ಚರಿತ್ರೆ ಓದಲು ಕೂತೆ. ಓದಿದ್ದರಲ್ಲಿ ಕೆಲವನ್ನು ನಿಮಗೂ ಹೇಳಬೇಕು ಅನ್ನಿಸಿತು.

ಮೊದಲು ಪದದ ವಿಷಯ. ಆಂಕಲ್ ಅನ್ನುವುದಕ್ಕೆ ಕನ್ನಡದಲ್ಲಿ ಥಟ್ಟನೆ ಏನು ಹೇಳುತ್ತೀರಿ? ಕಾಲಗಂಟು, ಪಾದದ ಗಂಟು, ಕಾಲಗಿಣ್ಣು..... ಒಬ್ಬೊಬ್ಬರು ಒಂದೊಂದು. 'ಹರಡು' ಅಂತ ಹಳೆಯ ಪದವೇ ಇದೆ, ತಮಿಳಿನ 'ಪರಡು' ಇದರದ್ದೇ ನೆಂಟ. ಆದರೆ ಇವತ್ತು "ಹರಡು ನೋವು" ಅಂದರೆ ನೋವನ್ನು ಊರಿಗೆಲ್ಲ ಹರಡು ಅಂದಹಾಗೆ ಕೇಳುತ್ತದೆ. ಸಂಸ್ಕೃತದಲ್ಲಿ ಗುಲ್ಫ.

ಈ ಗುಲ್ಫವೇ ನನ್ನನ್ನು ಸುಶ್ರುತನ ಹತ್ತಿರ ಕರೆದುಕೊಂಡು ಹೋಗಿದ್ದು. ಸುಶ್ರುತ ಸಂಹಿತೆ ಸುಮಾರು ಎರಡು ಸಾವಿರ ವರ್ಷ ಹಳೆಯದು ಅನ್ನುತ್ತಾರೆ. ಅದರಲ್ಲಿ ಮೂಳೆ ಮುರಿತಕ್ಕೆ 12 ಬಗೆ, ಕೀಲು ತಪ್ಪುವುದಕ್ಕೆ 6 ಬಗೆ ಹೇಳಿದೆ. ಕಟ್ಟು ಸಡಿಲವಾದರೆ ಕೀಲು ನಿಲ್ಲುವುದಿಲ್ಲ, ಬಿಗಿಯಾದರೆ ಬಾವು ಬಂದು ಕೊಳೆಯುತ್ತದೆ ಅನ್ನುವ ಎಚ್ಚರಿಕೆ ಇದೆ. ಕಟ್ಟನ್ನು ತಂಪಿನ ಕಾಲದಲ್ಲಿ 7 ದಿನಕ್ಕೊಮ್ಮೆ, ಸಾಧಾರಣ ಕಾಲದಲ್ಲಿ 5 ದಿನಕ್ಕೊಮ್ಮೆ, ಸೆಕೆಗಾಲದಲ್ಲಿ 3 ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕಂತೆ. ಎಳೆಯರಿಗೆ ಮೂಳೆ ಕೂಡಲು ಒಂದು ತಿಂಗಳು, ನಡುವಯಸ್ಸಿಗೆ ಎರಡರಷ್ಟು, ಮುದುಕರಿಗೆ ಮೂರರಷ್ಟು. ಕಾಲು ಮುರಿದವನನ್ನು ಒಂದು ಹಲಗೆಯ ಮೇಲೆ ಮಲಗಿಸಿ, ಕಾಲು ಅಲುಗದ ಹಾಗೆ ಐದು ಗೂಟ ಹೊಡೆದು ಕಟ್ಟುವ ಉಪಾಯವೂ ಅಲ್ಲಿದೆ, ಹೆಸರು ಕಪಾಟಶಯನ. ಕಪಾಟ ಅಂದರೆ ಬಾಗಿಲು, ಬಾಗಿಲ ಹಲಗೆ. ಈ ಬಾಗಿಲನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಆದರೆ ನಾನು ದಂಗಾಗಿದ್ದು ಮರ್ಮಗಳ ಅಧ್ಯಾಯದಲ್ಲಿ. ಶರೀರದಲ್ಲಿ 107 ಮರ್ಮಗಳು. ಕೆಲವಕ್ಕೆ ಪೆಟ್ಟಾದರೆ ಕೂಡಲೇ ಸಾವು, ಕೆಲವಕ್ಕೆ ತಡವಾಗಿ ಸಾವು, ಕೆಲವಕ್ಕೆ ಅಂಗವೈಕಲ್ಯ. ಕೊನೆಯದಾಗಿ ಒಂದು ಪುಟ್ಟ ಗುಂಪು ಉಂಟು, ಬರೀ ಎಂಟು. ಕೊಲ್ಲುವುದಿಲ್ಲ, ನೋಯಿಸುತ್ತವೆ ಅಷ್ಟೇ. ಗುಲ್ಫ ಈ ಗುಂಪಿನಲ್ಲಿದೆ. ಅಲ್ಲಿ ಪೆಟ್ಟಾದರೆ ಏನಾಗುತ್ತದೆ ಅನ್ನುವುದಕ್ಕೆ ಸಂಹಿತೆ ಕೊಡುವ ಪಟ್ಟಿ ಮೂರೇ: ನೋವು, ಪಾದ ಮರಗಟ್ಟುವುದು, ಕುಂಟು. ನನ್ನ 9 ವರ್ಷದ ಫೈಲು ಪೂರ್ತಿ ಇಷ್ಟರಲ್ಲಿ ಮುಗಿಯಿತು! ಮುರಿದಾಗ ಏನು ಮಾಡಬೇಕು ಅಂತ ಬರೆದವರು ಲೋಕದಲ್ಲಿ ಬೇಕಾದಷ್ಟು ಜನ. ಆಮೇಲೆ ಏನು ಉಳಿಯುತ್ತದೆ ಅಂತ ಇಷ್ಟು ಹಳೆಯ ಕಾಲದಲ್ಲಿ ಇಷ್ಟು ಚಿಕ್ಕದಾಗಿ ಬರೆದಿಟ್ಟಿದ್ದನ್ನು ನಾನು ಬೇರೆಲ್ಲೂ ನೋಡಲಿಲ್ಲ.

ನಮ್ಮ ಕಡೆ ಮೂಳೆ ಕಟ್ಟುವ ವಿದ್ಯೆ ಪುಸ್ತಕಕ್ಕಿಂತ ಹೆಚ್ಚಾಗಿ ಕೈಯಿಂದ ಕೈಗೆ ಬಂದದ್ದು. ಕಾಸರಗೋಡು ದಾಟಿದರೆ ಕಳರಿಯ ಗುರುಕ್ಕಳ್‌ಗಳು ಮರ್ಮ ಚಿಕಿತ್ಸೆ ಮಾಡುತ್ತಾರೆ, ಮುರಿವೆಣ್ಣೆ ಅನ್ನುವ ತೈಲ ಆ ಕಡೆಯಿಂದಲೇ ನಮ್ಮ ಮನೆಗಳಿಗೂ ಬಂದಿದೆ. ಹೆಸರಲ್ಲೇ ಮುರಿತ ಇದೆ ನೋಡಿ. ಹಿತ್ತಿಲಲ್ಲಿ ಸಂದುಬಳ್ಳಿ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಮೂಲೆಮೂಲೆಯಲ್ಲಿ 'ಪುತ್ತೂರು ಕಟ್ಟು' ಅನ್ನುವ ಬೋರ್ಡು ನೋಡಿ, ಆಹಾ ನಮ್ಮ ಪುತ್ತೂರಿನವರು ಇಲ್ಲೂ ಬಂದಿದ್ದಾರೆ ಅಂತ ಎದೆ ಉಬ್ಬಿಸಿದ್ದೆ. ವಿಚಾರಿಸಿದರೆ ಅದು ತಿರುಪತಿ ಹತ್ತಿರದ ಆಂಧ್ರದ ಪುತ್ತೂರಂತೆ. ಅಲ್ಲಿನ ರಾಜು ಕುಟುಂಬದವರು 19ನೇ ಶತಮಾನದಿಂದ ಮೊಟ್ಟೆಯ ಬಿಳಿ, ಸೊಪ್ಪಿನ ರಸ, ಬಿದಿರಿನ ಸೀಳು, ಬಟ್ಟೆ ಇಟ್ಟುಕೊಂಡು ಕಟ್ಟುತ್ತಾ ಬಂದಿದ್ದಾರೆ. ನೆಪೋಲಿಯನ್‌ನ ಸೇನೆಯ ಸರ್ಜನ್ ಲಾರೆ ಕೂಡ ಮುರಿದ ಕೈಕಾಲಿಗೆ ಕಟ್ಟುತ್ತಿದ್ದ ಬಟ್ಟೆಯಲ್ಲಿ ಮೊಟ್ಟೆಯ ಬಿಳಿ ಇತ್ತು! ಒಣಗಿದಾಗ ಗಟ್ಟಿಯಾಗುವ ವಸ್ತು ಬೇಕು, ಮನುಷ್ಯನಿಗೆ ಎಲ್ಲಾ ಕಡೆ ಅಡುಗೆಮನೆಯೇ ಮೊದಲು ಕಣ್ಣಿಗೆ ಬೀಳುವುದು.

ನಾಟಿ ಕಟ್ಟನ್ನು ಹೀಯಾಳಿಸುವುದು ನನಗೆ ಇಷ್ಟವಿಲ್ಲ, ಅದರಿಂದ ಗುಣವಾದವರನ್ನು ಕಣ್ಣಾರೆ ನೋಡಿದ್ದೇನೆ. ಉದ್ದ ಮೂಳೆ ನಡುವಿನಲ್ಲಿ ಮುರಿದರೆ ಸ್ವಲ್ಪ ಸೊಟ್ಟ ಕೂಡಿದರೂ ಜೀವನ ನಡೆಯುತ್ತದೆ. ಕಾಲಗಂಟಿನ ಲೆಕ್ಕವೇ ಬೇರೆ. ಅದು ಯಾಕೆ ಅಂತ ಯಾರಿಗೂ ಬಹಳ ಕಾಲ ಸರಿಯಾಗಿ ಗೊತ್ತಿರಲಿಲ್ಲ.

ಈಗ ಆ ಬಾಗಿಲು. 1756ರಲ್ಲಿ ಲಂಡನ್ನಿನ ಸರ್ಜನ್ ಪರ್ಸಿವಲ್ ಪಾಟ್ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡ, ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಕುಲುಕಾಡುವ ಗಾಡಿ ಹತ್ತಿದರೆ ಕಾಲು ಹೋಗುತ್ತದೆ ಅಂತ ಅವನಿಗೆ ಗೊತ್ತು. ಹಾಗಾಗಿ ಚಳಿಯಲ್ಲಿ ಬೀದಿಯಲ್ಲೇ ಮಲಗಿದ್ದು, ಒಂದು ಬಾಗಿಲನ್ನು ಕೊಂಡು ತರಿಸಿ, ಅದಕ್ಕೆ ಕೋಲು ಹೊಡೆಸಿ, ಅದರ ಮೇಲೆ ಮಲಗಿ ಹೊರಿಸಿಕೊಂಡು ಮನೆಗೆ ಹೋದ ಅಂತ ಕಥೆ. ಸುಶ್ರುತನ ಹೆಸರನ್ನೂ ಕೇಳಿರದ ಮನುಷ್ಯ, ಹೆಚ್ಚುಕಮ್ಮಿ ಕಪಾಟಶಯನವನ್ನೇ ಮಾಡಿಸಿಕೊಂಡ! ಕಾಲು ಕತ್ತರಿಸಲು ಎಲ್ಲಾ ತಯಾರಿ ಆಗಿತ್ತಂತೆ, ಕೊನೇ ಗಳಿಗೆಯಲ್ಲಿ ಅವನ ಗುರು ತಡೆದು ಕಾಲು ಉಳಿಯಿತು. 1768ರಲ್ಲಿ ಮುರಿತಗಳ ಬಗ್ಗೆ ಅವನು ಬರೆದ ಪುಸ್ತಕದಲ್ಲಿ ಕಾಲಗಂಟಿನ ಮುರಿತದ ವಿವರಣೆ ಇತ್ತು, ಅದಕ್ಕೆ ಪಾಟ್ಸ್ ಫ್ರಾಕ್ಚರ್ ಅಂತ ಹೆಸರೇ ಬಿತ್ತು. ಅವನದೇ ಕಾಲು ಮುರಿದದ್ದು ಆ ಬಗೆಯಲ್ಲಿ ಅಲ್ಲ, ಅದು ಬೇರೆ ಮಾತು.

ಆಮೇಲೆ 1852ರಲ್ಲಿ ಡಚ್ ಸೇನೆಯ ಡಾಕ್ಟರು ಮಾಥೈಸೆನ್ ಪ್ಲಾಸ್ಟರ್ ಬ್ಯಾಂಡೇಜನ್ನು ಪ್ರಕಟಿಸಿದ. 1895ರಲ್ಲಿ ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದ. ಇದನ್ನೆಲ್ಲ ನೀವೂ ಶಾಲೆಯಲ್ಲಿ ಓದಿರುತ್ತೀರಿ. ಮಂಗಳೂರಿನ ಮಳೆಗಾಲದಲ್ಲಿ ಆರು ವಾರ ಪ್ಲಾಸ್ಟರಿನೊಳಗೆ ಕಾಲಿಟ್ಟುಕೊಂಡು ಸ್ಕೇಲು ತುರುಕಿ ತುರಿಸಿಕೊಂಡವನಿಗೆ ಮಾಥೈಸೆನ್ ಮೇಲೆ ಅಷ್ಟೇನೂ ಗೌರವ ಉಳಿಯುವುದಿಲ್ಲ ಅಂತ ಮಾತ್ರ ಹೇಳಬಲ್ಲೆ.

ಈ ಹೊಸ ವೈದ್ಯ ಮಂಗಳೂರಿಗೆ ಬಂದ ದಾರಿ ನಮಗೆಲ್ಲ ಗೊತ್ತಿರುವ ಹೆಸರುಗಳ ಮೂಲಕವೇ. ಹಂಪನಕಟ್ಟೆಯ ವೆನ್ಲಾಕ್ ಆಸ್ಪತ್ರೆ 1848ರಲ್ಲಿ ಶುರುವಾದದ್ದು. ಹೆಸರು ಆಮೇಲೆ ಬಂದದ್ದು, ವೆನ್ಲಾಕ್ ಮದ್ರಾಸಿನ ಗವರ್ನರ್ ಆಗಿದ್ದದ್ದು 1891ರಿಂದ 1896ರವರೆಗೆ. 1880ರಲ್ಲಿ ಜರ್ಮನ್ ಪಾದ್ರಿ ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಮರದ ಕೆಳಗೆ ಕೂತು ಹೋಮಿಯೋಪತಿ ಮದ್ದು ಕೊಡಲು ತೊಡಗಿದರು, ಅದೇ ಇವತ್ತಿನ ಫಾದರ್ ಮುಲ್ಲರ್ಸ್. 1953ರಲ್ಲಿ ಟಿ.ಎಂ.ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದಾಗ ಅದರ ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿತದ್ದು ವೆನ್ಲಾಕಿನ ವಾರ್ಡುಗಳಲ್ಲಿ.

ಇನ್ನೊಬ್ಬ ಮುಲ್ಲರ್ ಇದ್ದಾನೆ, ಅವನಿಗೂ ಕಂಕನಾಡಿಗೂ ಸಂಬಂಧ ಇಲ್ಲ, ನನ್ನ ಕಾಲಿಗೆ ಇದೆ. ಮಾರಿಸ್ ಮುಲ್ಲರ್, ಸ್ವಿಟ್ಜರ್‌ಲೆಂಡಿನ ಸರ್ಜನ್. ಆಗ ಕಾಲು ಮುರಿದವರನ್ನು ವಾರಗಟ್ಟಲೆ ಪ್ಲಾಸ್ಟರಿನಲ್ಲಿ ಮಲಗಿಸುತ್ತಿದ್ದರು. ಮೂಳೆ ಕೂಡುತ್ತಿತ್ತು, ಆದರೆ ಅಲುಗದೆ ಬಿದ್ದ ಗಂಟು ಮರಗಟ್ಟಿ, ಸ್ನಾಯು ಸೊರಗಿ ಎಷ್ಟೋ ಜನ ಮತ್ತೆ ಸರಿಯಾಗಿ ನಡೆಯುತ್ತಲೇ ಇರಲಿಲ್ಲ. ಚಿಕಿತ್ಸೆಯೇ ತಂದ ರೋಗ ಅದು. 1958ರಲ್ಲಿ ಬೀಲ್ ಎಂಬ ಊರಿನಲ್ಲಿ ಮುಲ್ಲರ್ ಮತ್ತು ಜೊತೆಗಾರರು, ಒಟ್ಟು 13 ಜನ ಸ್ವಿಸ್ ಡಾಕ್ಟರುಗಳು, ಎ.ಓ. ಅನ್ನುವ ಗುಂಪು ಕಟ್ಟಿದರು. ಮೂಳೆಯನ್ನು ಪ್ಲೇಟು ಸ್ಕ್ರೂ ಹಾಕಿ ಕರಾರುವಾಕ್ಕಾಗಿ ಕೂರಿಸಿ, ಗಂಟನ್ನು ಬೇಗ ಅಲುಗಿಸಲು ಬಿಡಬೇಕು ಅನ್ನುವುದು ಅವರ ವಾದ. ಸಾಮಾನು ಮಾಡಿಕೊಟ್ಟದ್ದು ಅದೇ ಊರ ಸುತ್ತಿನ ರಾಬರ್ಟ್ ಮಾತಿಸ್ ಎಂಬ ಕಾರ್ಖಾನೆಯವ. ನನ್ನ ಕಂಪಾಸ್ ಬಾಕ್ಸಿನಲ್ಲಿರುವ ಪ್ಲೇಟು ಅವರದೇ ನಮೂನೆಯದು. ಒಂದು ಕೊಳವೆಯನ್ನು ಉದ್ದಕ್ಕೆ ಮೂರು ಸೀಳು ಮಾಡಿದರೆ ಒಂದು ಸೀಳು ಹೇಗಿರುತ್ತದೋ ಹಾಗೆ.

ಇದನ್ನು ಓದುವಾಗ ತಲೆಯ ಮೇಲೆ ನೋಡಿ ನಗು ಬಂತು. ಅಜ್ಜಿ ಮನೆಯ ಮಾಡಿಗೆ ಹೊದೆಸಿದ ಹಂಚು ಕೂಡ ಸ್ವಿಸ್ ಊರೊಂದರ ಹೆಸರು ಹೊತ್ತವರದ್ದೇ ತಾನೆ! ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಪ್ಲೆಬ್ಸ್ಟ್ ಜಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಮಾಡಿನ ಮೇಲೆ ಬಾಸೆಲ್, ಕಾಲಿನೊಳಗೆ ಬೀಲ್, ಜಾರಿ ಬಿದ್ದದ್ದು ಮಾತ್ರ ನಮ್ಮದೇ ಮುರಕಲ್ಲಿನ ಮೇಲೆ.

ಎ.ಓ. ಗುಂಪಿನವರ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಆಪರೇಷನ್ ಮಾಡಿದ ಪ್ರತಿಯೊಬ್ಬನ ಬಗ್ಗೆಯೂ ಫಾರಂ ತುಂಬಿಸಿ, 4 ತಿಂಗಳಿಗೆ ಒಮ್ಮೆ, ಒಂದು ವರ್ಷಕ್ಕೆ ಇನ್ನೊಮ್ಮೆ ಕರೆದು ನೋಡಿ ಒಂದೇ ಕಡೆ ದಾಖಲೆ ಇಡುತ್ತಿದ್ದರು. ಇವತ್ತಿನ ಡೇಟಾಬೇಸಿನವರು ತಲೆಬಾಗಬೇಕು. ಆದರೆ ಫಾರಂ ಒಂದು ವರ್ಷಕ್ಕೆ ಮುಗಿಯುತ್ತದೆ. ಒಂದು ವರ್ಷದ ಹೊತ್ತಿಗೆ ನಾನು ಬಸ್ಸಿಗೆ ಓಡುತ್ತಿದ್ದೆ! ನನ್ನ ಫಾರಂ ತುಂಬಿದ್ದರೆ 'ಉತ್ತಮ' ಅಂತಲೇ ಬರುತ್ತಿತ್ತು. ನೋವು ಶುರುವಾದದ್ದು ಐದನೇ ವರ್ಷ.

ಯಾಕೆ ಹೀಗೆ ಅನ್ನುವುದಕ್ಕೆ ಎರಡು ತುಣುಕು ಸಿಕ್ಕಿತು. ಒಂದು ಹಳೆಯದು. ಕೀಲಿನೊಳಗೆ ಮೂಳೆಗೆ ಮೃದ್ವಸ್ಥಿಯ ಲೇಪ ಇರುತ್ತದೆ ಅಂತ ಬಯಾಲಜಿಯಲ್ಲಿ ಓದಿದ್ದೆವಲ್ಲ, ಅದು ಒಮ್ಮೆ ಹಾಳಾದರೆ ಮತ್ತೆ ಸರಿಯಾಗುವುದಿಲ್ಲ ಅಂತ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದ. ಅದಕ್ಕೆ ರಕ್ತದ ಪೂರೈಕೆ ಇಲ್ಲ. ಕಾಲಗಂಟಿನಲ್ಲಿ ಈ ಲೇಪ ಒಂದು, ಒಂದೂವರೆ ಮಿಲಿಮೀಟರ್ ದಪ್ಪ ಅಷ್ಟೆ. ನಡೆಯುವಾಗ ಅದರ ಮೇಲೆ ಮೈತೂಕದ ನಾಲ್ಕೈದು ಪಟ್ಟು ಭಾರ ಬೀಳುತ್ತದೆ.

ಇನ್ನೊಂದು 1976ರದ್ದು, ರಾಮ್ಸೆ ಮತ್ತು ಹ್ಯಾಮಿಲ್ಟನ್ ಎಂಬಿಬ್ಬರ ಪ್ರಯೋಗ. ಗಂಟಿನೊಳಗಿನ ಟೇಲಸ್ ಮೂಳೆ ಹೊರಗಡೆಗೆ ಬರೀ 1 ಮಿಲಿಮೀಟರ್ ಸರಿದರೆ ಮೂಳೆಗಳು ಒಂದಕ್ಕೊಂದು ತಾಗುವ ಜಾಗ ಸರಾಸರಿ 42 ಶೇಕಡಾ ಕಡಿಮೆಯಾಗುತ್ತದೆ. ಇಂಜಿನಿಯರಿಂಗ್ ಮೊದಲ ವರ್ಷದ ಪಾಠ ನೆನಪು ಮಾಡಿಕೊಳ್ಳಿ, ಭಾರ ಅಷ್ಟೇ ಇದ್ದು ಜಾಗ ಕಡಿಮೆಯಾದರೆ ಒತ್ತಡ ಏನಾಗಬೇಕು? ಒಂದು ಮಿಲಿಮೀಟರ್ ಅಂದರೆ ನಮ್ಮ ಆಧಾರ್ ಕಾರ್ಡಿನ ದಪ್ಪಕ್ಕಿಂತ ತುಸು ಹೆಚ್ಚು ಅಷ್ಟೇ ಮಾರಾಯ್ರೆ. ಮುರಿದ ಮೊದಲ ನಾಲ್ಕು ದಿನ ಉಳುಕು ಅಂದುಕೊಂಡು ಅದೇ ಕಾಲನ್ನು ಊರಿ ಓಡಾಡಿದ್ದೆ. ಆ ನಾಲ್ಕು ದಿನದಲ್ಲಿ ಒಳಗೆ ಏನೇನು ತಿಕ್ಕಿ ಹೋಯಿತೋ, ಇವತ್ತು ಲೆಕ್ಕ ಹಾಕಿ ಪ್ರಯೋಜನ ಇಲ್ಲ. ಮಂಡಿಯ ಸಂಧಿವಾತ ಹೆಚ್ಚಾಗಿ ವಯಸ್ಸಿನದ್ದು. ಕಾಲಗಂಟಿನ ಸಂಧಿವಾತ ಇರುವ ನೂರರಲ್ಲಿ ಸುಮಾರು 70 ಜನರಿಗೆ ಕಾರಣ ಹಳೆಯ ಪೆಟ್ಟು. ಅದಕ್ಕೇ ಈ ರೋಗದವರು ಉಳಿದ ಸಂಧಿವಾತದವರಿಗಿಂತ ಚಿಕ್ಕ ವಯಸ್ಸಿನವರಾಗಿರುತ್ತಾರೆ, ನನ್ನ ಹಾಗೆ.

'ಆಮೇಲೆ' ಅನ್ನುವುದನ್ನು ಅಳೆಯಲು ಹೊರಟವರೂ ಇದ್ದಾರೆ. 1984ರಲ್ಲಿ ಸ್ವೀಡನ್ನಿನ ಓಲೆರುಡ್ ಮತ್ತು ಮೊಲಾಂಡರ್ ಕಾಲಗಂಟು ಮುರಿದವರಿಗಾಗಿಯೇ 100 ಅಂಕಗಳ ಪ್ರಶ್ನೆಪತ್ರಿಕೆ ಮಾಡಿದರು. ನೋವಿಗೆ 25, ಕೆಲಸ ಮತ್ತು ದಿನದ ಓಡಾಟಕ್ಕೆ 20, ಬಿಗಿತಕ್ಕೆ 10, ಬಾವಿಗೆ 10, ಮೆಟ್ಟಿಲಿಗೆ 10, ಊರುಗೋಲಿಗೆ 10, ಓಡಲು 5, ಹಾರಲು 5. ಕುಕ್ಕರಗಾಲಲ್ಲಿ ಕೂರಲು ಎಷ್ಟು ಗೊತ್ತಾ? 5. ಸ್ವೀಡನ್ನಿನಲ್ಲಿ ಅಷ್ಟು ಸಾಕೇನೋ. ಅಜ್ಜಿ ಮನೆಯಲ್ಲಿ ಕುಕ್ಕರಗಾಲಿಗೆ 50 ಅಂಕ ಕೊಡಬೇಕು. ಅಡಿಕೆ ಹೆಕ್ಕುವುದು ಕುಕ್ಕರಗಾಲಲ್ಲಿ, ಬಚ್ಚಲ ಒಲೆಗೆ ಬೆಂಕಿ ಹಾಕುವುದು ಕುಕ್ಕರಗಾಲಲ್ಲಿ, ಪಾಯಿಖಾನೆ ಹಳೆಯ ಕ್ರಮದ್ದು. ನೆಲದ ಮೇಲೆ ಚಕ್ಕಳಮಕ್ಕಳ ಕೂತರೆ ಗಂಟಿನ ಹೊರಬದಿಯೇ ನೆಲಕ್ಕೆ ಒತ್ತುತ್ತದೆ, ಸರಿಯಾಗಿ ಗಾಯದ ಗೆರೆಯ ಮೇಲೆ. ಸೋದರತ್ತೆಯ ಮಗಳ ಮದುವೆಯಲ್ಲಿ ಪಂಕ್ತಿಯಲ್ಲಿ ಎಲ್ಲರೂ ನೆಲಕ್ಕೆ ಕೂತಾಗ ಹಿರಿಯರ ಸಾಲಿನಲ್ಲಿ ಟೇಬಲಿಗೆ ಕೂತ ಒಬ್ಬನೇ ಹುಡುಗ ನಾನು. ಬಡಿಸುವವರು ನನಗೆ ಸಕ್ಕರೆ ಇಲ್ಲದ ಪಾಯಸ ಬೇಕಾ ಅಂತ ಕೇಳಿದರು :-(

ಈ ನೆಲದ ಬದುಕನ್ನು ಲೆಕ್ಕಕ್ಕೆ ತೆಗೆದುಕೊಂಡವರು ಜೈಪುರದವರು. 1968ರ ಹೊತ್ತಿಗೆ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಡಾ. ಪಿ.ಕೆ. ಸೇಠಿ ಸೇರಿ ಮಾಡಿದ ಜೈಪುರ ಕಾಲಿನ ಹೆಚ್ಚುಗಾರಿಕೆಯೇ ಅದು: ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಚಕ್ಕಳಮಕ್ಕಳ ಹಾಕಬಹುದು, ಕೆಸರಿಗೆ ಇಳಿಯಬಹುದು. ವಿದೇಶದ ಕೃತಕ ಕಾಲು ಬೂಟಿನೊಳಗೆ ಇರಲಿಕ್ಕೆ ಮಾಡಿದ್ದು. ನೃತ್ಯಗಾತಿ ಸುಧಾ ಚಂದ್ರನ್ ಕಥೆ ನಿಮಗೆ ಗೊತ್ತು, 'ಮಯೂರಿ' ಸಿನೆಮಾ ಆಯಿತಲ್ಲ. ಅದರ ಮೂಲ ಕೂಡ ಕಾಲಗಂಟಿನ ಒಂದು ಚಿಕ್ಕ ಗಾಯ. 1981ರ ಬಸ್ ಅಪಘಾತದ ನಂತರ ಆ ಗಾಯ ಕಣ್ಣಿಗೆ ಬೀಳದೆ ಮೇಲೆ ಪ್ಲಾಸ್ಟರ್ ಬಿತ್ತು, ಒಳಗೆ ಕೊಳೆತು ಕಾಲನ್ನೇ ತೆಗೆಯಬೇಕಾಯಿತು. ಅವರು ಮತ್ತೆ ರಂಗದ ಮೇಲೆ ಕುಣಿದದ್ದು ಜೈಪುರ ಕಾಲಿನಲ್ಲಿ. ಬಿಗಿಯಾದ ಕಟ್ಟಿನ ಒಳಗೆ ಕೊಳೆಯುವ ಬಗ್ಗೆ ಸಂಹಿತೆಯಲ್ಲಿ ಇದ್ದ ಎಚ್ಚರಿಕೆ ಇಲ್ಲಿ ಮತ್ತೆ ನೆನಪಾಯಿತು.

ನನ್ನ ಮುಂದೆ ಇರುವ ದಾರಿಗಳಿಗೂ ಚರಿತ್ರೆ ಉಂಟು. ಗಂಟನ್ನು ಬೆಸೆದುಬಿಡುವ ಆಪರೇಷನ್ನನ್ನು 19ನೇ ಶತಮಾನದ ಕೊನೆಗೆ ವಿಯೆನ್ನಾದ ಎಡುವಾರ್ಡ್ ಆಲ್ಬರ್ಟ್ ಶುರುಮಾಡಿದ. ನೋವು ಹೋಗುತ್ತದೆ, ಜೊತೆಗೆ ಗಂಟಿನ ಮಡಚುವಿಕೆಯೂ ಹೋಗುತ್ತದೆ. ಬದಲಿ ಕಾಲಗಂಟನ್ನು ಫ್ರಾನ್ಸಿನಲ್ಲಿ ಲಾರ್ಡ್ ಮತ್ತು ಮರೋಟ್ 1970ರಲ್ಲಿ ಹಾಕಿ ನೋಡಿದರು, ಮೊದಮೊದಲಿನವು ಬಹಳಷ್ಟು ಸೋತವು. ಈಗಿನವು ವಾಸಿ, ಆದರೆ 28ಕ್ಕೆ ಹಾಕಿಸಿಕೊಂಡರೆ ಎಷ್ಟು ವರ್ಷ ಬಾಳಿಕೆ ಬರಬೇಕು ನೀವೇ ಲೆಕ್ಕ ಹಾಕಿ. "ಎಷ್ಟು ದಿನ ತಳ್ಳಬಹುದೋ ತಳ್ಳಿ. ತೂಕ ಏರಿಸಬೇಡಿ, ಒಳ್ಳೆ ಶೂ ಹಾಕಿ, ವ್ಯಾಯಾಮ ಬಿಡಬೇಡಿ" ಅಂದರು ಡಾಕ್ಟರು. ತಳ್ಳುತ್ತಿದ್ದೇನೆ. ಆದರೆ ಮಂಗಳೂರು ಗೊತ್ತಲ್ಲ, ಸಮತಟ್ಟು ಅನ್ನುವುದೇ ಇಲ್ಲ. ಬಾವುಟಗುಡ್ಡೆ ಹತ್ತುವಾಗ ತೊಂದರೆ ಇಲ್ಲ, ಇಳಿಯುವಾಗ ಇದೆ. ಕದ್ರಿ ದೇವಸ್ಥಾನದ ಹಿಂದಿನ ಮೆಟ್ಟಿಲಲ್ಲಿ ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಡುತ್ತೇನೆ, ಮದುಮಗಳ ಹಾಗೆ. ಗೆಳೆಯರು ನಗುತ್ತಾರೆ, ನಾನೂ ನಗುತ್ತೇನೆ.

ಕಳೆದ ಭಾನುವಾರ ಅಜ್ಜಿ ಮನೆಗೆ ಹೋಗಿದ್ದೆ. ತೋಟಕ್ಕೆ ಇಳಿಯುವ ಅದೇ ಮೆಟ್ಟಿಲಿಗೆ ಮಾವ ಈಗ ಕಬ್ಬಿಣದ ಕೈಪಿಡಿ ಹಾಕಿಸಿದ್ದಾರೆ. ಅಜ್ಜಿಗೋಸ್ಕರ ಅಂತ ಹಾಕಿಸಿದ್ದು. ಅಜ್ಜಿಗೆ 81, ಮೆಟ್ಟಿಲ ತುದಿಯಲ್ಲಿ ನಾವಿಬ್ಬರೂ ಒಟ್ಟಿಗೆ ಕೈಪಿಡಿಗೆ ಕೈ ಹಾಕಿದೆವು. ಅವರು ನನ್ನ ಕಾಲನ್ನೂ ಮುಖವನ್ನೂ ಒಮ್ಮೆ ನೋಡಿ ಕೈ ತೆಗೆದರು.

"ನೀನು ಮೊದಲು ಇಳಿ ಮಗಾ. ನನಗೆ ಗಡಿಬಿಡಿ ಎಂತ ಇಲ್ಲ."